ಸ್ಲೋ ನಿಲ್ಲದ ಗಾಡಿ

ನಮ್ಮ ಕಾಕಾ ಮನೆಗೆ ಬರುವ ಮೊದಲೇ ಅವರ ಸದ್ದು ಬರುತ್ತಿತ್ತು. ಗಾಡಿ ಇನ್ನೂ ಓಣಿಯ ಆ ತುದಿಯಲ್ಲಿರುವಾಗಲೇ ಅವರ ಹೆಂಡತಿ ಕಾಕು ರೊಟ್ಟಿಯ ಹಂಚನ್ನು ಒಲೆಗೇರಿಸುತ್ತಿದ್ದರು. ಫೋನು ಮಾಡುವ ತಾಪತ್ರಯವೇ ಇಲ್ಲ ನೋಡಿ!

ಗಾಡಿಯೆಂದರೆ ಕಾಕಾ ಮದುವೆಗೂ ಮುಂಚೆ ಕೊಂಡ ಮೋಟಾರ್‌ಸೈಕಲ್ಲು. ಎರಡು ಸಿಲಿಂಡರು, ಎರಡು ಕಾರ್ಬೊರೇಟರು. ಎರಡಕ್ಕೂ ಗಾಳಿ, ಪೆಟ್ರೋಲು ಸಮಸಮ ಸಿಗಬೇಕು. ಒಂದಕ್ಕೆ ತುಸು ಹೆಚ್ಚಾದರೂ ಇನ್ನೊಂದು, ಪಾಲಿನಲ್ಲಿ ಸಣ್ಣ ಹೊಲ ಬಂದ ತಮ್ಮನಂತೆ, ಮುಖ ಊದಿಸಿಕೊಳ್ಳುತ್ತದೆ. ಎಕ್ಸಲೇಟರ್ ಬಿಟ್ಟ ಮೇಲೂ ಎಂಜಿನ್ ಆರಿಹೋಗದೆ ಮೆಲ್ಲಗೆ ಓಡುತ್ತಿರುವುದಕ್ಕೆ ನಮ್ಮ ಗ್ಯಾರೇಜಿನವರು ‘ಸ್ಲೋ’ ಎನ್ನುತ್ತಾರೆ. ಕಾಕಾನ ಗಾಡಿಗೆ ಒಲಿಯದ ವಿದ್ಯೆ ಅದೊಂದೇ. ನಿಂತಲ್ಲೂ ಹಿಟ್ಟಿನ ಗಿರಣಿಯಂತೆ ಅಬ್ಬರಿಸುತ್ತಿತ್ತು!

“ಸ್ಲೋ ಇಳಿಸಿದ್ರ ಬಂದ್ ಬೀಳತೈತಿ. ಏನ್ ಮಾಡ್ಲಿ?” ಎಂಬುದು ಕಾಕಾನ ವಾದ.

ಒಮ್ಮೆ ಗೋಕಾಕದಿಂದ ಮೂಡಲಗಿಯ ಮೆಕ್ಯಾನಿಕನ ಹತ್ತಿರ ಹೊರಟಾಗ ಹಿಂದೆ ನಾನಿದ್ದೆ. ಕಲ್ಲೋಳಿಯಲ್ಲಿ ಪರಿಚಯದವರೊಬ್ಬರು ಕೈ ಅಡ್ಡ ಹಿಡಿದರು.

“ಕಾಕಾರ, ಮುಂದಿನ ವಾರ ಮಗಳ ಮದುವಿ ಐತ್ರಿ. ತಪ್ಪದ ಬರಬೇಕ್ರಿ!”

“ಚಾ ಬ್ಯಾಡಪ್ಪ, ಈಗರ ಕುಡದ ಹೊಂಟೇನಿ!”

ಪಾಪ, ಆತನ ಮುಖ ಸಣ್ಣದಾಯಿತು. “ಗಾಡಿ ಗದ್ದಲದಾಗ ಏನೂ ಕೇಳಂಗಿಲ್ರಿ,” ಎಂದು ನಾನೇ ಸಮಾಧಾನ ಮಾಡಿದೆ.

ಮೂಡಲಗಿಯ ಮೆಕ್ಯಾನಿಕ್ ಎರಡೂ ಕಾರ್ಬೊರೇಟರುಗಳ ಸ್ಕ್ರೂಗಳನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುವಿ ಗಾಡಿಯನ್ನು ದಾರಿಗೆ ತಂದ. “ಕಾಕಾರ, ಬಸವಣ್ಣನ ಆಣಿ ಮಾಡ್ರಿ, ಇನ್ನ ಇದನ್ನ ಮುಟ್ಟಂಗಿಲ್ಲಂತ!”

“ನಾ ಯಾಕ್ ಮುಟ್ಟಲೋ?”

ಮುಟ್ಟಿದರು! ತಿರುಗಿ ಬರುವಾಗ ಅರಭಾವಿಯ ಹತ್ತಿರ ನೆರಳು ಕಂಡಲ್ಲೇ ಮುಟ್ಟಿದರು. ಕಾಕು ಸ್ಕ್ರೂಡ್ರೈವರ್ ಬಚ್ಚಿಟ್ಟರೆ ಚಮಚದ ಹಿಡಿಕೆಯಿಂದ ತಿರುವಿದರು. ಮರುದಿನದ ಉಪ್ಪಿಟ್ಟಿಗೆ ಪೆಟ್ರೋಲಿನ ಒಗ್ಗರಣೆ!

ಕೊನೆಗೆ ಹುಕ್ಕೇರಿಯಲ್ಲಿ, ಕಾಕುವಿನ ತವರಿನ ಬಾಗಿಲಲ್ಲಿ, ಆಗಷ್ಟೇ ಮಲಗಿದ್ದ ಬಾಣಂತಿಯನ್ನೂ ಕೂಸನ್ನೂ ಈ ಗಾಡಿ ಎಬ್ಬಿಸಿಬಿಟ್ಟಿತು. ಕಾಕು ಮನೆಗೆ ಬಂದವರೇ ಫರ್ಮಾನು ಹೊರಡಿಸಿದರು.

“ನಾ ಒಲಿಮ್ಯಾಲ ಹಾಲಿಡತೇನಿ. ಅದು ಉಕ್ಕೂತನಕ ಇದು ಚಾಲೂ ಇದ್ದು ಅಂಗಳದಾಗ ಗದ್ದಲಿಲ್ಲದ ನಿಂತ್ರ ಮನ್ಯಾಗ ಇರ್ಲಿ. ಇಲ್ಲಂದ್ರ ಗುಜರಿಯವಗ ಕೊಡೂದ!”

ಕಾಕಾನ ಮುಖ ನೋಡಲಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಕಾಕುವನ್ನು ಹುಕ್ಕೇರಿಯಿಂದ ಕರೆತಂದದ್ದು ಇದೇ ಗಾಡಿಯಲ್ಲವೇ?

ಮೆಕ್ಯಾನಿಕನನ್ನು ಮನೆಗೇ ಕರೆಸಿದೆವು. ಒಳಗೆ ಹಾಲು, ಹೊರಗೆ ಗಾಡಿ, ನಡುವೆ ಹೊಸ್ತಿಲಲ್ಲಿ ನಾನು. ಆತ ಕೈ ಒರೆಸಿಕೊಂಡು ಹಿಂದೆ ಸರಿದಾಗ ಎಂಜಿನ್ ಪಾರಿವಾಳದಂತೆ ಗುಟುರು ಹಾಕುತ್ತ ನಿಂತಿತ್ತು. ಹಾಲಿನ ಕೆನೆ ಪಾತ್ರೆಯ ಅಂಚಿಗೇರುತ್ತಿತ್ತು. ಗೆದ್ದೆವು ಎನ್ನುವಷ್ಟರಲ್ಲಿ ಕಾಕಾ, “ಹೋತು, ಬಂದ್ ಬಿತ್ತು,” ಎಂದು ಓಡುತ್ತಿದ್ದ ಎಂಜಿನ್ನಿಗೇ ಕಿಕ್ ಹೊಡೆದರು. ಕರ್ರ್ ಎಂದಿತು ಗಾಡಿ.

ನಾನೂ ಮೆಕ್ಯಾನಿಕನೂ ಬಿದ್ದು ಬಿದ್ದು ನಕ್ಕೆವು. “ಕಾಕಾರ, ಗಾಡಿ ಚಾಲೂನ ಐತಲ್ರಿ!”

“ಎಲ್ಲೈತೋ ಚಾಲೂ? ಚಾಷ್ಟಿ ಮಾಡಬ್ಯಾಡ.”

ಅವರ ದನಿಯಲ್ಲಿ ತಮಾಷೆಯಿರಲಿಲ್ಲ. ನನ್ನ ನಗು ಅಲ್ಲೇ ನಿಂತಿತು.

ಕಾಕು ಒಲೆ ಆರಿಸಿ ಹೊರಗೆ ಬಂದರು. ಕಾಕಾನ ಕೈ ಹಿಡಿದು ಪೆಟ್ರೋಲ್ ಟಾಕಿಯ ಮೇಲಿಟ್ಟರು. ಟಾಕಿಯ ಜೊತೆಗೆ ಅವರ ಬೆರಳುಗಳೂ ಸಣ್ಣಗೆ ನಡುಗತೊಡಗಿದವು.

“ಐತಿ… ಚಾಲೂ ಐತಿ,” ಎಂದರು ಕಾಕಾ, ತಮ್ಮಷ್ಟಕ್ಕೆ. ಆಮೇಲೆ ಕಾಕುವಿನ ಮುಖ ನೋಡಿದರು. “ನನಗ್ಯಾಕ ಕೇಳವಲ್ದು?”

ಕಾಕು ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದರು: “ನನಗ ಕೇಳತೈತಲ್ರಿ. ಸಾಕು.”

ಈಗಲೂ ಇಬ್ಬರೂ ಅದೇ ಗಾಡಿಯಲ್ಲಿ ಹುಕ್ಕೇರಿಗೆ ಹೋಗುತ್ತಾರೆ. ದಾರಿಯಲ್ಲಿ ಎಲ್ಲಾದರೂ ಗಾಡಿ ನಿಲ್ಲಿಸಿದಾಗ ಕಾಕು ಹಿಂದಿನಿಂದ ಗಂಡನ ಬೆನ್ನನ್ನು ಮೆಲ್ಲಗೆ ತಟ್ಟುತ್ತಾರೆ. ಎಂಜಿನ್ ಓಡುವಷ್ಟು ಹೊತ್ತೂ ತಟ್ಟುತ್ತಲೇ ಇರುತ್ತಾರೆ. ಕಾಕಾ ಎಕ್ಸಲೇಟರ್ ಮುಟ್ಟುವುದಿಲ್ಲ.