ಗೆದ್ದವರ ಬಟ್ಟೆ, ನನ್ನ ಸೂಜಿ

ಶಹಾಬಾದದಲ್ಲಿ ನನ್ನದೊಂದು ರಫೂ ಅಂಗಡಿ. ಅಬ್ಬಾ ಕಲಿಸಿದ ಕೆಲಸ. ಒಮ್ಮೆ ಹಳೇ ಫುಟ್‌ಬಾಲ್ ತಂಡದ ಧ್ವಜವೊಂದರ ಹರಕನ್ನು ಗೊತ್ತಾಗದಂತೆ ಹೊಲಿದುಕೊಟ್ಟೆ. ಅಂದಿನಿಂದ ಸುತ್ತಲಿನ ಆಟಗಾರರ ಟ್ರಂಕಿನೊಳಗಿನ ಬಟ್ಟೆಯೆಲ್ಲ ನನ್ನ ಕಡೆಗೇ ಬರತೊಡಗಿತು. ಬಟ್ಟೆ ಕೈಗೆ ಬಂದರೆ ಅದರ ಕಥೆ ಕೇಳದೆ ಸೂಜಿಗೆ ದಾರ ಹಾಕುವವನಲ್ಲ ನಾನು. ಕೇಳಿದಾಗಲೆಲ್ಲ ಹಿಂಗ ಏನಾದರೊಂದು ಆಗುತ್ತಲೇ ಇರುತ್ತದೆ.

೧. ಎದೆಯ ಮೇಲಿನ ಕಲೆ

ಆದಿತ್ಯನಗರದ ನಿವೃತ್ತ ಫಿಟರ್ ಒಬ್ಬರು ತಮ್ಮ ಹಳೇ ವಾಲಿಬಾಲ್ ಜರ್ಸಿ ತಂದರು. ಎದೆಯ ಮೇಲೆ ಅಂಗೈಯಗಲ ಕಂದು ಕಲೆ.

"ಎಲ್ಲಾ ತೊಳೀರಿ, ಆ ಕಲಿ ಮಾತ್ರ ಮುಟ್ಟಬ್ಯಾಡ್ರಿ. ಫೈನಲ್‌ನಾಗ ಬಿದ್ದು ಬಾಲ್ ಎತ್ತಿದ ಮಣ್ಣದು," ಎಂದರು.

ಕಲೆಗೆ ಪ್ಲಾಸ್ಟಿಕ್ ಕಟ್ಟಿ, ಉಳಿದದ್ದನ್ನು ತಣ್ಣೀರಲ್ಲಿ ಅದ್ದಿ ತೆಗೆದು, ನೆರಳಲ್ಲಿ ಒಣಗಿಸಿದೆ. ಒಯ್ಯಲು ಬಂದವರು ಅವರ ಹೆಂಡತಿ. ಮಣ್ಣು ಉಳಿಸಲು ಪಟ್ಟ ಪಾಡೆಲ್ಲ ಹೇಳಿದೆ.

"ಮಣ್ಣಲ್ರಿ ಅದು, ಉಪ್ಪಿನಕಾಯಿ ಎಣ್ಣಿ. ಟ್ರಂಕಿನಾಗ ನಮ್ಮವ್ವ ಕಳಿಸಿದ ಭರಣಿ ಇಟ್ಟಾಕಿ ನಾನ."

"ಹಂಗಾರ ತೆಗೀಲೇನ್ರಿ?"

"ಬ್ಯಾಡ್ರಿ. ಮನೀಗಿ ಬಂದವರಿಗೆಲ್ಲ ತೋರಸ್ತಾರ. ನಮ್ಮವ್ವನ ಉಪ್ಪಿನಕಾಯಿಗಿ ಅವರು ಎಂದೂ ಅಷ್ಟು ಮರ್ಯಾದಿ ಕೊಟ್ಟಿದ್ದಿಲ್ಲ."

೨. ಹಳೇದು ಎಲ್ಲಿ?

ಸೇಡಂನ ನಿವೃತ್ತ ಪಿ.ಟಿ. ಮಾಸ್ತರರ ಬಳಿ ಕಬಡ್ಡಿ ತಂಡದ ಹಳೇ ಧ್ವಜವಿತ್ತು. ಅದನ್ನು ಕೊಳ್ಳಲು ಹೈದರಾಬಾದಿನ ಸಂಗ್ರಹಕಾರರೊಬ್ಬರು ಬರುವವರಿದ್ದರು. ತೊಳೆದು ಕೊಡಬೇಕೇ ಎಂದು ಮಾಸ್ತರರು ನನ್ನನ್ನು ಕೇಳಿದಾಗ, "ಹಳೇ ದಾರ, ಮಾಸಿದ ಬಣ್ಣ, ಅದಕ್ಕ ಬೆಲಿ. ಇದ್ದಂಗ ಇಡ್ರಿ," ಎಂದಿದ್ದೆ. ಬೆಲೆ ಹೆಂಗ ಕಟ್ಟುತ್ತಾರೋ ನೋಡೋಣವೆಂದು ಆ ದಿನ ನಾನೂ ಹೋದೆ.

ಮಾಸ್ತರರ ಅಕ್ಕ ಧ್ವಜವನ್ನು ತಾಟಿನಲ್ಲಿಟ್ಟು ತಂದರು. ಬೆಳ್ಳಗೆ ತೊಳೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಸುತ್ತಲೂ ಹೊಸ ಜರಿ ಲೇಸು ಹೊಲಿದಿದ್ದರು.

ಸಂಗ್ರಹಕಾರರು ತಿರುಗಿಸಿ ಮುರುಗಿಸಿ ನೋಡಿ, "ಚಂದ ಅದ. ಹಳೇದು ಎಲ್ಲದ್ರಿ?" ಎಂದರು.

"ಇದ ಅದು. ಹೊಲಸು ಬಟ್ಟಿ ಬೀಗರಂಥವರ ಕೈಗಿ ಹೆಂಗ ಕೊಡೋದು?" ಎಂದರು ಅಕ್ಕ.

ಸಂಗ್ರಹಕಾರರು ಚಹಾ ಕುಡಿದು, ಯಾವ ಸಾಬೂನು ಹಾಕಿದಿರೆಂದು ಕೇಳಿ ಬರೆದುಕೊಂಡು ಹೋದರು.

೩. ಪೈಲ್ವಾನರ ಲಂಗೋಟಿ

ಚಿಂಚೋಳಿ ಕಡೆಯ ಹೆಣ್ಣುಮಗಳೊಬ್ಬಳು ಮಾವನನ್ನು ಕರೆದುಕೊಂಡು ಬಂದಳು. ಒಂದು ಕಾಲದ ಪೈಲ್ವಾನರು, ಈಗ ಎಂಬತ್ತು ದಾಟಿದ ಸಣಕಲು ಮುದುಕ. ಅವಳ ಕೈಯಲ್ಲಿ ಕೆಂಪು ಲಂಗೋಟಿ.

"ಮಾವನೋರು ದೊಡ್ಡ ಕುಸ್ತಿ ಗೆದ್ದಾಗಿಂದು. ಹರಕು ಹೊಲದು ಗಾಜಿನ ಫ್ರೇಮಿನಾಗ ಹಾಕ್ರಿ. ದಿನಾ ಊದಿನಕಡ್ಡಿ ಹಚ್ಚತೀನಿ."

ಹೊಗೆಯಿಂದ ಬಟ್ಟೆ ಹಾಳಾಗುತ್ತದೆಂದು ತಿಳಿಸಿ ಹೇಳಿದೆ. ಅವಳು ಗಾಜು ನೋಡಲು ಎದುರಿನ ಅಂಗಡಿಗೆ ಹೋದಳು. ನಾನು ಅಳತೆ ಹಿಡಿದೆ. ಸೊಂಟದ ಪಟ್ಟಿ ಮುದುಕರಿಗೆ ಎರಡು ಸುತ್ತು ಬರುವಷ್ಟಿತ್ತು.

"ಅಜ್ಜಾ, ಆಗ ನೀವು ಭಾಳ ದಪ್ಪ ಇದ್ರೇನ್ರಿ?"

"ಇಲ್ಲಪಾ, ಆಗೂ ಹಿಂಗ ಇದ್ದೆ."

"ಹಂಗಾರ ಇದು?"

ಅವರು ಸೊಸೆ ದೂರ ಇದ್ದಾಳೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು. "ಇದು ನಂದಲ್ಲ. ಗಡಿ ಆಚಿಂದ ಆನಿಯಂಥ ಪೈಲ್ವಾನ ಬಂದಿದ್ದ. ಹಿಂದಿನಿಂದ ಹಿಡದೆ. ಅವ ಓಡಿದ, ಇದು ನನ್ನ ಕೈಯಾಗ ಉಳೀತು."

"ಹಂಗಾರ ಗೆದ್ದವರು ಯಾರ್ರಿ?"

"ಪಂಚರು ಅವನ್ನ ಕರಕೊಂಡು ಬಂದು ಹೇಳ್ತೀವಂತ ಹೋದ್ರು," ಎಂದರು ಅಜ್ಜ. "ಇನ್ನಾ ಬಂದಿಲ್ಲ."