ಅಮಸಿದ್ದಪ್ಪನ ಉಪವಾಸ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದೇ ಒಂದು ಕಿಲೋ. ಇಳಕಲ್ಲಿನಲ್ಲಿ ಒಂಬತ್ತನೇ ಇಯತ್ತೆ ಓದುತ್ತಿದ್ದ ಅಮಸಿದ್ದಪ್ಪ ಐವತ್ತಾರು ಕಿಲೋ ತೂಗಿದ. ಕಿರಿಯರ ಕಬಡ್ಡಿ ತಂಡಕ್ಕೆ ಐವತ್ತೈದರ ಮೇಲೆ ಒಂದು ಗುಂಜಿಯೂ ನಡೆಯುವಂತಿರಲಿಲ್ಲ. ಸೋಮವಾರ ಬೆಳಿಗ್ಗೆ ಹುನಗುಂದದಲ್ಲಿ ಆಟಗಾರರನ್ನೆಲ್ಲ ಕಾಟಾದ ಮೇಲೆ ನಿಲ್ಲಿಸಿ ತೂಗುವವರಿದ್ದರು.

"ಐತವಾರ ಒಂದ ದಿನ ಉಪವಾಸ ಮಾಡಲೇ, ತಂಡದಾಗ ಇರ್ತೀ" ಎಂದರು ಡ್ರಿಲ್ ಮಾಸ್ತರ ಸಂಗಯ್ಯ.

ಅಮಸಿದ್ದಪ್ಪ ಹಿಗ್ಗಿದ. ಮೂರು ವರ್ಷ ಅವನು ಮೈದಾನದ ಅಂಚಿಗೆ ಕೂತು ಆಡುವವರ ಅಂಗಿ ಚಪ್ಪಲಿ ಕಾದವನು. ಒಂದೇ ಒಂದು ಸಲ ತಾನೂ ಗೆರೆಯೊಳಗೆ ಇಳಿಯಬೇಕೆಂಬುದು ಅವನ ಜೀವದ ಆಸೆ.

ಮನೆಯ ಅಡುಗೆ ಅವನ ಆಯಿ ಗುರುಲಿಂಗವ್ವನ ಕೈಯಲ್ಲಿತ್ತು. ಮೊಮ್ಮಗನ ಪಕ್ಕೆಲುಬು ಕಂಡರೆ ಓಣಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆಂಬುದು ಅವಳ ಚಿಂತೆ. ಅವಳದೇ ಕೈತುತ್ತು ತಿಂದು ಬೆಳೆದ ಮಗ, ಹುಡುಗನ ಅಪ್ಪ ಕಲ್ಲಪ್ಪ ಮಗ್ಗದ ಕುಣಿಯಿಂದ ಮೇಲೇಳಬೇಕಾದರೆ ಇಬ್ಬರು ಕೈ ಹಿಡಿದು ಎಳೆಯಬೇಕಿತ್ತು.

ಮೊಮ್ಮಗ ತಾನಾಗಿ ಉಪವಾಸ ಹಿಡಿದನೆಂದು ಕೇಳಿ ಗುರುಲಿಂಗವ್ವನ ಕಣ್ಣು ತುಂಬಿ ಬಂದವು. ಉಪವಾಸದ ಕಟ್ಟಳೆ ಅವಳಿಗೆ ಗೊತ್ತಿಲ್ಲದ್ದೇ? ರೊಟ್ಟಿ, ಅನ್ನ ಮುಟ್ಟಬಾರದು. ಅದರಾಚೆ ಶಿವ ಯಾವುದಕ್ಕೂ ಅಡ್ಡಿ ಮಾಡಿದವನಲ್ಲ. ತುಪ್ಪ, ಶೇಂಗಾಪುಡಿ ಸುರಿದ ಸಾಬೂದಾಣಿ ಖಿಚಡಿ ಒಂದು ಗಂಗಾಳ ತುಂಬ ಬಂತು, ಹಿಂದೆಯೇ ನಾಲ್ಕು ಬಾಳೆಹಣ್ಣು. ಹುಡುಗನಿಗೆ ಕೊಂಚ ಅನುಮಾನ ಬಾರದೆ ಇರಲಿಲ್ಲ. ಆದರೆ ಹುಟ್ಟಿದಾಗಿನಿಂದ ಅವನು ಕಂಡ ಉಪವಾಸ ಅದೊಂದೇ. ರೊಟ್ಟಿಯ ಬುಟ್ಟಿಯ ಕಡೆ ಮುಖ ಕೂಡ ಮಾಡದೆ ಗಂಗಾಳ ಬರಿದು ಮಾಡಿದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಓಣಿಗೆಲ್ಲ ಹಬ್ಬಿತು. ಉಪವಾಸ ಇದ್ದವರಿಗೆ ಫಳಾರ ಕೊಟ್ಟರೆ ಅರ್ಧ ಪುಣ್ಯ ತಮಗೆ ಎಂದುಕೊಂಡು ಎದುರುಮನೆಯ ಶಿವಬಸವ್ವ ಶೇಂಗಾ ಉಂಡಿ, ಕೆನೆಹಾಲು ಹಿಡಿದು ಬಂದಳು. ಹೊಟ್ಟೆ ತುಂಬಿದೆ, ಒಲ್ಲೆ ಎಂದು ಅಮಸಿದ್ದಪ್ಪ ಕೈ ಅಡ್ಡ ಹಿಡಿದ.

"ಉಪವಾಸ ಇದ್ದಾವನ ಹೊಟ್ಟಿ ಹ್ಯಾಂಗ ತುಂಬತೈತಿ? ಸುಳ್ಳ ಹೇಳಬ್ಯಾಡ, ತಿನ್ನು" ಎಂದಳು ಶಿವಬಸವ್ವ.

ಅಮಸಿದ್ದಪ್ಪ ಉಂಡಿ ಬಾಯಿಗಿಟ್ಟುಕೊಂಡ. ಅವಳ ಬೆನ್ನಿಗೇ ಪುಣ್ಯ ಬೇಕಾದವರು ಇನ್ನೂ ಐದಾರು ಮಂದಿ ಬಂದು ಹೋದರು.

ಪಕ್ಕದ ಮನೆಯ ಬಾನುಬಿಗೆ ಇದೊಂದೂ ತಿಳಿಯದು. ಅವಳ ಲೆಕ್ಕದಲ್ಲಿ ಉಪವಾಸವೆಂದರೆ ಹನಿ ನೀರೂ ಇಲ್ಲ. ದಿನವಿಡೀ ಮರುಗಿ, ಹೊತ್ತು ಮುಳುಗುತ್ತಲೇ ಖಜೂರಿ, ಬಜಿ, ಒಂದು ಚರಿಗೆ ಹಾಲು ಶಾವಿಗೆಯ ಸುರಕುಂಬಾ ತಂದು ಮುಂದಿಟ್ಟಳು. ಅವಳ ಕಣ್ಣಲ್ಲಿ ನೀರು ಕಂಡು ಹುಡುಗ ಸುಮ್ಮನೆ ಬಾಯಿ ತೆರೆದ. ಅಲ್ಲಿಗೆ ಉಪವಾಸ ಮುಗಿಯಿತಲ್ಲ, ಇನ್ನು ರೊಟ್ಟಿಗೆ ಏನಡ್ಡಿ ಎಂದು ಗುರುಲಿಂಗವ್ವ ಎಣ್ಣೆಗಾಯಿ ಪಲ್ಯದ ಜೊತೆ ಮೂರು ಬಡಿಸಿದಳು.

ಮರುದಿನ ಕಾಟಾ ಐವತ್ತೇಳೂವರೆ ತೋರಿಸಿತು. ಮಗನ ಆಟ ನೋಡಲು ಬಂದಿದ್ದ ಕಲ್ಲಪ್ಪನನ್ನು ಕರೆದು ಸಂಗಯ್ಯ ಮಾಸ್ತರರು ನಿನ್ನೆ ಹುಡುಗ ಏನು ತಿಂದನೆಂದು ಕೇಳಿದರು. ಕಲ್ಲಪ್ಪ ಒಂದನ್ನೂ ಬಿಡದೆ ಹೆಮ್ಮೆಯಿಂದಲೇ ಹೇಳಿದ.

"ಕಲ್ಲಪ್ಪಾರ, ಇದು ಹುಡುಗನ ತಪ್ಪಲ್ರಿ. ಮನಿಯಾರು, ಓಣಿಯಾರು ಕೂಡಿ ಅವನ ಆಟ ಉಂಡ್ರಿ" ಎಂದರು ಮಾಸ್ತರರು.

ನಾಲ್ಕು ಜನರ ಎದುರು ಮಾತು ಕೇಳಿಸಿಕೊಂಡ ಕಲ್ಲಪ್ಪ ಸಿಕ್ಕ ಬಸ್ಸು ಹಿಡಿದು ಊರಿಗೆ ಹೋದ. ಅಮಸಿದ್ದಪ್ಪ ಮತ್ತೆ ಅಂಗಿಗಳ ಪಕ್ಕ ಕೂತು ಅತ್ತ.

ಸಂಜೆಗೆ ದೈವ ತಿರುಗಿತು. ಹಿರಿಯರ ತಂಡದ ಹುಡುಗನೊಬ್ಬ ಕಾಲು ಉಳುಕಿಸಿಕೊಂಡು ಮನೆ ಸೇರಿದ್ದ. ಮುಂದಿನ ಸೋಮವಾರ ಹಿರಿಯರ ಪಂದ್ಯ. ಅಲ್ಲಿ ತೂಕದ ಕಟ್ಟು ಇಲ್ಲ, ಆದರೆ ಎದುರಿಗೆ ಬರುವವರು ಹೋರಿಗಳಂಥವರು.

"ಅರವತ್ತ ಆಗಿ ಬಾ, ಆಡಸ್ತೇನಿ" ಎಂದರು ಮಾಸ್ತರರು. "ಎಂಟ ದಿನ ಐತಿ. ಛಲೋತ್ನಾಗಿ ಉಣ್ಣು."

ಎರಡೂವರೆ ಕಿಲೋ! ಅಂಥ ಆಯಿ, ಅಂಥ ಓಣಿ ಇದ್ದವನಿಗೆ ಅದೇನು ದೊಡ್ಡದು? ಅಮಸಿದ್ದಪ್ಪ ಕುಣಿಯುತ್ತ ಮನೆಗೆ ಬಂದು ಊಟಕ್ಕೆ ಕೂತ.

ಗಂಗಾಳದಲ್ಲಿ ಒಂದು ರೊಟ್ಟಿ, ಪಕ್ಕದಲ್ಲಿ ನೀರು ಮಜ್ಜಿಗೆ. ಆಯಿಯ ಕಣ್ಣು ಅತ್ತು ಅತ್ತು ಕೆಂಪಾಗಿದ್ದವು.

"ನಿನ್ನ ಆಟ ಕೆಡಿಸಿದಾಕಿ ನಾನ. ನಿನ್ನ ತೂಕ ಇಳಿಯೋ ಮಟಾ ಈ ಮನ್ಯಾಗ ಕರದದ್ದಿಲ್ಲ, ಸಿಹಿ ಇಲ್ಲ. ಬಸವಣ್ಣನ ಆಣಿ ಮಾಡೇನಿ."

ಅವನು ಮಾಸ್ತರರ ಹೊಸ ಮಾತನ್ನು ಮೂರು ಸಲ ಹೇಳಿದ. ಹಸಿದವನು ಹೀಗೆಯೇ ಏನಾದರೂ ಕಟ್ಟಿ ಹೇಳುತ್ತಾನೆಂದು ಕಲ್ಲಪ್ಪ ಮೊದಲೇ ಎಚ್ಚರಿಸಿದ್ದ. ಶಿವಬಸವ್ವ ಅವನನ್ನು ಕಂಡವಳೇ ಕದ ಹಾಕಿಕೊಂಡಳು. ಬಾನುಬಿ ಹೊಸ್ತಿಲಲ್ಲೇ ನಿಂತು ತಲೆ ಸವರಿದಳು. "ನಿಮ್ಮ ಆಯಿ ಓಣಿಗೆಲ್ಲ ಆಣಿ ಹಾಕ್ಯಾಳೋ ಕಂದಾ. ಬೇಕಾದ್ರ ನೀರ ಕುಡಿ" ಎಂದು ತಂಬಿಗೆ ಕೊಟ್ಟಳು.

ಮುಂದಿನ ಸೋಮವಾರ ಅವನ ಬೆನ್ನಿಗೆ ಇಡೀ ಓಣಿಯೇ ಬಸ್ಸು ಹತ್ತಿ ಹುನಗುಂದಕ್ಕೆ ಬಂತು. ಅರವತ್ತು ಆಯಿತೋ ಇಲ್ಲವೋ ನೋಡಲು ಮಾಸ್ತರರು ಅಮಸಿದ್ದಪ್ಪನನ್ನು ಕಾಟಾ ಹತ್ತಿಸಿದರು. ಸಂಗಯ್ಯ ಮಾಸ್ತರರು ಬಗ್ಗಿ ನೋಡಿ, ಹಣೆ ಹಣೆ ಬಡಿದುಕೊಂಡು, ಐವತ್ನಾಲ್ಕೂವರೆ ಎಂದು ಕೂಗಿದರು. ಗುರುಲಿಂಗವ್ವ ಎರಡೂ ಕೈಯಿಂದ ಮೊಮ್ಮಗನ ದೃಷ್ಟಿ ತೆಗೆದಳು, ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು.