ಸಾಹೇಬರ ಕಂಪ್ಯೂಟರಿಗೆ ಪೂರ್ಣ ವೋಲ್ಟ್ ಗೌರವ ಕಲ್ಪಿಸುವ ಕುರಿತು

ಸಂಖ್ಯೆ: ಅವಿ/ಅರಕಲಗೂಡು/ರ‍್ಯಾಮ್/ಮರ್ಯಾದೆ/2024-25

ವಿಷಯ: ಕಡಿಮೆ ವೋಲ್ಟಿನ ರ‍್ಯಾಮ್ ಒಂದು ಮೇಲಧಿಕಾರಿಗಳ ಯಂತ್ರದೊಳಗೆ ವಾಸವಾಗಿದ್ದ ಬಗ್ಗೆ.

ಉಲ್ಲೇಖ: 1) ಹಾಸನದ ರಿಪೇರಿ ಅಂಗಡಿಯ ಶಶಿಕುಮಾರ್ ಅವರ ಮೌಖಿಕ ಉದ್ಧಟತನ. 2) ಅರ್ಜಿದಾರರ ತಾಯಿ ಮಾಯಮ್ಮನವರ ಗಟ್ಟಿ ಗಂಟಲು.

ಶಾಖಾಧಿಕಾರಿ ಗಂಗಾಧರಯ್ಯನವರ ಹೊಸ ಕಂಪ್ಯೂಟರಿನ ನೆನಪಿನ ಚಿಪ್ಪು, ಅಂದರೆ ರ‍್ಯಾಮ್ 1.35 ವೋಲ್ಟಿನದೆಂದೂ, ಪ್ರಮಾಣಪತ್ರ ಕೌಂಟರಿನ ಗುಮಾಸ್ತೆ ಪ್ರೇಮಕುಮಾರಿಯವರ ಹಳೆಯ ಯಂತ್ರದಲ್ಲಿರುವುದು ಒಂದೂವರೆ ವೋಲ್ಟಿನದೆಂದೂ ತಿಳಿದುಬಂದ ದಿನ ಸಾಹೇಬರಿಗೆ ಊಟ ಸೇರಲಿಲ್ಲ. ಕೈಕೆಳಗಿನವರಿಗೆ ಹೆಚ್ಚು, ತಮಗೆ ಕಡಿಮೆ! ಎರಡನ್ನೂ ಕೂಡಲೇ ಅದಲುಬದಲು ಮಾಡಲು ಆದೇಶಿಸಲಾಯಿತು. ಕಡಿಮೆ ವೋಲ್ಟಿನದು ಕೌಂಟರಿಗೆ ಹೋಗಿ ಒಂದೂವರೆಯಲ್ಲೂ ತಕರಾರಿಲ್ಲದೆ ಕೆಲಸಕ್ಕಿಳಿಯಿತು. ಪೂರ್ಣ ವೋಲ್ಟಿನದು ಸಾಹೇಬರ ಯಂತ್ರದಲ್ಲಿ ಕೂತು, ಅಲ್ಲಿ ಸಿಗುವ 1.35 ತನಗೆ ಸಾಲದೆಂದು ಕಣ್ಣೇ ಬಿಡಲಿಲ್ಲ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಕಡಿಮೆಯಲ್ಲಿ ಬಾಳುವುದು ಹೆಚ್ಚಿನಲ್ಲೂ ಬಾಳುತ್ತದೆ, ಹೆಚ್ಚಿಗೆ ಒಗ್ಗಿದ್ದು ಕಡಿಮೆ ಕೊಟ್ಟರೆ ಏಳುವುದಿಲ್ಲ ಎಂಬ ತಾಂತ್ರಿಕ ವಿವರಣೆಯನ್ನು ಅಧಿಕಾರಿ ವರ್ಗದ ನಿಂದನೆಯೆಂದು ಪರಿಗಣಿಸಲಾಗಿದೆ. "ಬಾಯ್ ಬಡ್ಕೊಂಡೆ ಕಣ್ ಸಾ, ಅದು ಇದ್ರಲ್ಲಿ ಏಳಾಕಿಲ್ಲ ಅಂತ. ಚಿಪ್ಪಿಗೇನ್ ಗೊತ್ತು, ಯಾರು ಸಾಹೇಬ್ರು ಅಂತ?" ಎಂದ ಶಶಿಕುಮಾರ್ ಅವರು ಸಮಜಾಯಿಷಿ ನೀಡದೆ ಹಾಸನದ ಬಸ್ಸು ಹತ್ತಿರುತ್ತಾರೆ.

2. ಯಂತ್ರ ಏಳದಿರಲು ಮೇಜಿನ ದಿಕ್ಕು ಕಾರಣವಿರಬಹುದಾದ್ದರಿಂದ ಮೇಜನ್ನು ಪೂರ್ವಕ್ಕೆ ತಿರುಗಿಸತಕ್ಕದ್ದು. ತಿರುಗಿಸಲಾಗಿದೆ. ಏಳಲಿಲ್ಲ. ಚನ್ನರಾಯಪಟ್ಟಣ ಶಾಖೆಯವರೂ ಮುನ್ನೆಚ್ಚರಿಕೆಯಾಗಿ ತಿರುಗಿಸತಕ್ಕದ್ದು.

3. ಮೇಲಿನವರ ಯಂತ್ರ ಮಲಗಿರುವಾಗ ಕೆಳಗಿನವರ ಯಂತ್ರ ಎದ್ದು ಓಡಾಡುವುದು ಅಶಿಸ್ತು. ಆದಕಾರಣ ಕೌಂಟರಿನ ಯಂತ್ರವನ್ನು ಆರಿಸಲಾಯಿತು. ಆಗ ಸರದಿಯ ಮುಂದೆ ಮಾಯಮ್ಮನವರೂ ಅವರ ಮಗಳು ಸಂಘಮಿತ್ರಾಳೂ ನಿಂತಿದ್ದರು. ನರ್ಸಿಂಗ್ ಸೀಟಿಗೆ ಜಾತಿ ಪ್ರಮಾಣಪತ್ರ ಒಪ್ಪಿಸಲು ಅಂದೇ ಕೊನೆಯ ದಿನ. "ಓಡೋ ಮಿಷನ್ ಯಾಕ್ ಸಾ ಆರಿಸ್ತೀರಾ? ಇವತ್ ತಪ್ಪೋದ್ರೆ ಮಗೀಗೆ ಸೀಟಿಲ್ಲ ಸಾ" ಎಂದು ಮಾಯಮ್ಮನವರು ಬೇಡಿದ್ದು, ಅಹವಾಲು ಕೇಳುವ ವೇಳೆ ಅದಲ್ಲವಾದ್ದರಿಂದ, ಯಾರಿಗೂ ಕೇಳಿಸಿರುವುದಿಲ್ಲ. ತಿರುಗಿಸಿದ ಮೇಜನ್ನು ನೋಡಿ "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿದೆ.

4. ಕಡಿಮೆ ವೋಲ್ಟಿನ ರ‍್ಯಾಮ್ ಒಂದೂವರೆ ವೋಲ್ಟಿನಲ್ಲಿ ದುಡಿಯಬಯಸಿದಲ್ಲಿ ಬಡ್ತಿಗೆ ಅರ್ಜಿ ಹಾಕಿ, ಮಂಜೂರಾಗುವವರೆಗೆ ಬಿಸಿಯಾಗದೆ ಕಾಯತಕ್ಕದ್ದು. ಒಂದರ ಪಕ್ಕ ಇನ್ನೊಂದನ್ನು ಕೂರಿಸುವ ಮುನ್ನ, ಅದು ಯಾವ ಪೈಕಿ, ಯಾವ ಕಡೆಯದು, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಮಾಮೂಲಿನಂತೆ ನಯವಾಗಿ ವಿಚಾರಿಸತಕ್ಕದ್ದು.

5. ಸಾಹೇಬರು ಕಾಫಿಗೆ ತೆರಳಿದ ವೇಳೆ ಪ್ರೇಮಕುಮಾರಿಯವರು ಕೌಂಟರಿನ ಸ್ವಿಚ್ ಹಾಕಿ, ಆಗಲೇ ಮಂಜೂರಾಗಿದ್ದ ಪ್ರಮಾಣಪತ್ರವನ್ನು ಮುದ್ರಿಸಿ ಕೊಟ್ಟಿರುತ್ತಾರೆ. ಹೆದರಿಕೆಯಿದ್ದರೂ ನಿಲ್ಲಿಸಲಿಲ್ಲವೆಂದು ಒಪ್ಪಿಕೊಂಡಿದ್ದಾರೆ. "ಆ ಹುಡುಗಿ ಮುಖ ನೋಡಿ ತಡ್ಕೊಳಕ್ಕಾಗ್ಲಿಲ್ಲ ಸಾರ್" ಎಂಬ ಅವರ ವಿವರಣೆಯನ್ನು ತಿರಸ್ಕರಿಸಲಾಗಿದೆ. ಅರ್ಜಿ ನೋಡತಕ್ಕದ್ದು, ಮುಖವನ್ನಲ್ಲ. ಸದರಿಯವರನ್ನು ಹೊಳೆನರಸೀಪುರ ಶಾಖೆಯಲ್ಲಿ ಪ್ಲಗ್ಗೇ ಇಲ್ಲದ ಕೋಣೆಗೆ ವರ್ಗಾಯಿಸಲಾಗಿದೆ.

ಸಹಿ/-
(ಗಂಗಾಧರಯ್ಯ)
ಶಾಖಾಧಿಕಾರಿ, ಪೂರ್ಣ ವೋಲ್ಟ್

ಪ್ರತಿಗಳು:

1. ಸಾಹೇಬರ ಯಂತ್ರಕ್ಕೆ, ಎದ್ದ ಕೂಡಲೇ ಓದಿಕೊಳ್ಳಲು.

2. ಶ್ರೀಮತಿ ಪ್ರೇಮಕುಮಾರಿಯವರಿಗೆ, ಅಗತ್ಯ ಪಶ್ಚಾತ್ತಾಪಕ್ಕಾಗಿ. ಪಶ್ಚಾತ್ತಾಪ ಇದುವರೆಗೆ ಸ್ವೀಕೃತವಾಗಿರುವುದಿಲ್ಲ.

3. ಕುಮಾರಿ ಸಂಘಮಿತ್ರಾ ಅವರಿಗೆ, ಪ್ರಮಾಣಪತ್ರ ಹಿಂದಿರುಗಿಸಲು, ಎರಡನೆಯ ಬಾರಿಗೆ. ಮೊದಲ ಲಕೋಟೆಯನ್ನು ಮಾಯಮ್ಮನವರು ಮುಟ್ಟದೆ, "ಮಗಳು ಕಾಲೇಜಲ್ಲಿ ಸೂಜಿ ಚುಚ್ಚೋದ್ ಕಲೀತಾವ್ಳೆ. ಸಾಹೇಬ್ರಿಗೆ ಬೇಕಾದ್ರೆ ಬರಕ್ಕೇಳಿ" ಎಂಬ ಉತ್ತರದೊಂದಿಗೆ ವಾಪಸು ಕಳುಹಿಸಿರುತ್ತಾರೆ.